ಮರುಳಪ್ಪ ಉಜ್ಜಿದ ಹೆಸರು

ಕೊಟ್ಟೂರಿನ ಮೊದಲ ಬಸ್ಸು ಹರಪನಹಳ್ಳಿಗೆ ಬಂದು ನಿಂತಾಗ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಯುವವರು ಮರುಳಪ್ಪ. ಅರವತ್ತಾರು ವರ್ಷದ ಮೈ, ಹೆಗಲಿಗೆ ಒಂದು ಖಾಕಿ ಚೀಲ. ಚೀಲದೊಳಗೆ ಅಂಗೈಯಗಲದ ಕಬ್ಬಿಣದ ಅಡಿಗಲ್ಲು, ಮೊನೆಯ ಚಾಣ ಎರಡು, ಹುಣಸೆಬೀಜ ಒಡೆಯಲಿಕ್ಕೂ ಸಾಲದಷ್ಟು ಸಣ್ಣ ಸುತ್ತಿಗೆ, ಉಜ್ಜುವ ಅರ ಮೂರು, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ಇಟ್ಟಂಗಿ ಪುಡಿ. ಸುತ್ತಮುತ್ತಲ ಐದು ತಾಲೂಕಿನ ಹೆಣ್ಣುಮಕ್ಕಳಿಗೆ ಇವರು 'ಹೆಸರು ಹೊಡಿಯೋ ಮರುಳಪ್ಪ'. ಮದುವೆಯ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುವುದು ಇವರ ಕಸುಬು.

ಓಣಿಯ ತಿರುವಿಗೆ ಬಂದು ಕಾಲು ನಿಲ್ಲುತ್ತದೆ. ನಾಲ್ಕು ವರ್ಷದಿಂದ ಈ ಓಣಿಗೆ ಅವರು ಬಂದಿಲ್ಲ. ಕರೆ ಬಂದಾಗಲೆಲ್ಲ ಮೈಯಲ್ಲಿ ಸರಿಯಿಲ್ಲ ಅಂತ ಹೇಳಿ ಕಳಿಸಿದ್ದಾರೆ. ಇವತ್ತು ಬಂದಿರುವುದು ಒಂದು ಮಾತು ಹೇಳಲಿಕ್ಕೆ. ಬಸ್ಸು ಹತ್ತುವ ಮುಂಚೆ ಹೆಂಡತಿ ಅಂಜಿನಕ್ಕ ರೊಟ್ಟಿ ಗಂಟು ಕೈಗಿಟ್ಟು ಅಂದದ್ದು ಕಿವಿಯಲ್ಲೇ ಇದೆ: "ಹಗರಿಬೊಮ್ಮನಳ್ಳಿಗೆ ಹ್ವಾದ ಸಲದಂಗ ಬಾಯಾಗ ಅರ ಇಟ್ಕಂಡು ಬರಬ್ಯಾಡ. ಹೇಳದ ಬಂದ್ರ ಈ ಮನ್ಯಾಗ ರೊಟ್ಟಿ ಇಲ್ಲ ನಿನಗ."

ನಾಗಲಿಂಗಮ್ಮನವರ ಮನೆಯ ಕಟ್ಟೆಯ ಮೇಲೆ ಆಗಲೇ ಹದಿನೇಳು ಪಾತ್ರೆ ಬೋರಲು ಬಿದ್ದಿವೆ. ಆಕೆಗೆ ಈಗ ಅರವತ್ತೆರಡು. ಹದಿನಾರಕ್ಕೆ ಸೊಸೆಯಾಗಿ ಬಂದ ಮನೆ. ನಾಲ್ಕು ವರ್ಷದ ಹಿಂದೆ ಅಟ್ಟ ಖಾಲಿ ಮಾಡಿದರು, ಈಗ ಅಡಿಗೆಮನೆಯ ಹಲಗೆಯ ಸರದಿ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯೇ. ಆದರೆ ಸೊಸೆ ಸಾಲಿ ಟೀಚರು, ಮುಂಜಾನೆ ಒಂಬತ್ತಕ್ಕೆ ಹೊರಡುವಾಕೆ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ರಟ್ಟೆ ಆ ಮನೆಯಲ್ಲಿ ಒಂದೇ ಇತ್ತು, ಅದೂ ಈಗ ಸೋತಿದೆ.

"ಏನಪಾ ಮರುಳಪ್ಪಣ್ಣ, ಹರಪನಹಳ್ಳಿ ಹಾದಿ ಮರತಿದ್ದೇನು?"

"ಇಲ್ಲಬೇ ಯವ್ವಾ. ಹಾದಿ ನೆನಪೈತಿ. ಕಾಲು ಬರವಲ್ಲವು."

"ನನ್ನವೂ ಹಂಗ ಆಗ್ಯಾವು ತಗೀ. ಕುಂದರು. ಎಲ್ಲಾ ಉಜ್ಜಿ ಬಿಡು, ಸ್ಟೀಲಿನ ಅಂಗಡಿಯವನಿಗೆ ಹಾಕತೀನಿ."

ಮರುಳಪ್ಪ ಕೂಡುತ್ತಾರೆ, ಆದರೆ ಅರ ತೆಗೆಯುವುದಿಲ್ಲ. ಮೊದಲ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿನ ಕಡೆ ಹೊರಳಿಸಿ ಗಟ್ಟಿಯಾಗಿ ಓದುತ್ತಾರೆ. ಮೂರ್ನಾಲ್ಕು ವರ್ಷದಿಂದ ಎಲ್ಲಿ ಹೋದರೂ ಇದೇ ಅವರ ರೀತಿ. ಮನೆಯಾಕೆ ಕೇಳಬೇಕು, ಉಜ್ಜು ಅಂತ ಬಾಯಿಬಿಟ್ಟು ಅನ್ನಬೇಕು. ಅಲ್ಲಿಯ ತನಕ ಕೈ ಮುಂದೆ ಹೋಗುವುದಿಲ್ಲ.

"ಗಾಳೆಪ್ಪ, ನೀಲಗುಂದ."

"ಅಯ್ಯ, ಆ ಗಾಳೆಪ್ಪಂದಾ? ಕೊಟ್ಟ ದಿನಾನ ತೂತಿತ್ತು ಆ ಕೊಡ. ನಮ್ಮತ್ತಿ ಸಾಯೋತನಕ ಆಡಿಕೊಂಡು ನಕ್ಕಳು. ಉಜ್ಜು, ಉಜ್ಜು."

"ಗಿಡ್ಡಮ್ಮ, ತೆಲಿಗಿ."

ನಾಗಲಿಂಗಮ್ಮ ಕೈ ಚಾಚುತ್ತಾರೆ. "ನನ್ನ ಮೊದಲನೇ ಬಾಣಂತನಕ್ಕ ಬಂದಿದ್ದಳು ಆಕಿ. ಹನ್ನೊಂದು ದಿನ ಎಣ್ಣಿ ನೀರು ಹಾಕಿದ್ಲು... ಅದನ್ನ ಇತ್ತಾಗ ಕೊಡು."

ಹೀಗೆ ಓದಿದರೆ ಹತ್ತರಲ್ಲಿ ನಾಲ್ಕು ಪಾತ್ರೆ ಮತ್ತೆ ಒಳಗೇ ಹೋಗುತ್ತವೆ, ಮರುಳಪ್ಪನವರ ಕೂಲಿಯೂ ಅಷ್ಟಕ್ಕಷ್ಟು ಇಳಿಯುತ್ತದೆ. ಬೇಸರವಿಲ್ಲವೆ ಅಂತ ಕೇಳಿದರೆ, "ಒಳಗ ಹೋದ ಪಾತ್ರಿ ಯಾರ ಜೀವಾನೂ ತಿನ್ನಂಗಿಲ್ಲರಿ. ಹೊರಗ ಹೋದದ್ದು ತಿಂತೈತಿ," ಅಂತ ಹೇಳಿ ಮುಂದಿನದನ್ನು ಎತ್ತಿಕೊಳ್ಳುತ್ತಾರೆ.

ಮರುಳಪ್ಪ ಕೊಟ್ಟೂರಿನವರು. ಓದಿದ್ದು ಎರಡನೇ ಇಯತ್ತೆ. ಮದ್ರಾಸಿನವರ ಆಳ್ವಿಕೆಯ ಕಾಲ ಅದು. ಕನ್ನಡದ ಜೊತೆಗೆ ತೆಲುಗು ಅಕ್ಷರವೂ ಬೇಕಿತ್ತು, ಎರಡನ್ನೂ ಅವರು ಪಾಟಿಗಿಂತ ಹೆಚ್ಚಾಗಿ ಹಿತ್ತಾಳೆಯ ಮೇಲೆ ಕಲಿತರು. ಸೋದರಮಾವ ಪಾತ್ರೆ ಪೇಟೆಯಲ್ಲಿ ಹೆಸರು ಹೊಡೆಯುತ್ತಿದ್ದ. ಅವನ ಪಕ್ಕ ಕೂತು ಮೊದಲ ಒಂದು ವರ್ಷ ಬರೀ ಸೊನ್ನೆ ಹೊಡೆದರು. ಸೊನ್ನೆ ಗುಂಡಗೆ ಬಂದರೆ ಕನ್ನಡದ ಅರ್ಧ ಅಕ್ಷರ ಬಂದ ಹಾಗೆ ಅಂತ ಮಾವನ ಲೆಕ್ಕ. ಇಪ್ಪತ್ತನೇ ವರ್ಷಕ್ಕೆ ಸ್ವಂತ ಚಾಣ ಹಿಡಿದರು. ಅಲ್ಲಿಂದ ಇಲ್ಲಿಗೆ ನಲವತ್ತಾರು ವರ್ಷ.

ಆಗಿನ ದಿನಮಾನದಲ್ಲಿ ಮದುವೆ ಅಂದರೆ ಪಾತ್ರೆ, ಪಾತ್ರೆ ಅಂದರೆ ಹೆಸರು. ಬಂಧು ಬಳಗದವರು ತಂದ ಕೊಡ, ತಂಬಿಗೆ, ಪರಾತ, ಹಂಡೆ ಎಲ್ಲದರ ಮೇಲೂ ಕೊಟ್ಟವರ ಹೆಸರು, ಊರು. ಮುಂದೆ ಅವರ ಮನೆಯ ಮದುವೆಗೆ ಇವರು ಹೋಗುವಾಗ ಯಾರು ಏನು ಕೊಟ್ಟಿದ್ದರು ಅಂತ ಪಾತ್ರೆಯೇ ಹೇಳುತ್ತಿತ್ತು. ಮದುವೆಯ ತಿಂಗಳಲ್ಲಿ ಮರುಳಪ್ಪ ದಿನಕ್ಕೆ ಇಪ್ಪತ್ತೈದು ಪಾತ್ರೆಗೆ ಹೆಸರು ಹೊಡೆಯುತ್ತಿದ್ದರು. ಕೂಡ್ಲಿಗಿಯಲ್ಲಿ ಒಂದು ಮನೆಯವರು ಮೂರು ದಿನ ಇಟ್ಟುಕೊಂಡು ಹೋಳಿಗೆ ಊಟ ಹಾಕಿ ಕಳಿಸಿದ್ದನ್ನು ಈಗಲೂ ನೆನೆಯುತ್ತಾರೆ.

ಈಗ ಎಲ್ಲ ಸ್ಟೀಲು. ಅದಕ್ಕೆ ಅಂಗಡಿಯಲ್ಲೇ ಕರೆಂಟಿನ ಯಂತ್ರ ಹಿಡಿದು ಗೀಚಿ ಕೊಡುತ್ತಾರೆ. ವಯಸ್ಸಾದ ಹೆಣ್ಣುಮಕ್ಕಳು ಅಟ್ಟ ಇಳಿಸಿ, ಹಲಗೆ ಇಳಿಸಿ, ತಾಮ್ರ ಹಿತ್ತಾಳೆಯನ್ನೆಲ್ಲ ತೂಕಕ್ಕೆ ಹಾಕುತ್ತಿದ್ದಾರೆ. ಆದರೆ ಹೆಸರಿನ ಸಮೇತ ಹಾಕುವ ಹಾಗಿಲ್ಲ. ಅಂಗಡಿಯವನು ಒಳ್ಳೆಯವನ್ನು ಕರಗಿಸುವುದಿಲ್ಲ, ತಿಕ್ಕಿ ಸಂತೆಯಲ್ಲಿ ಮಾರುತ್ತಾನೆ. ಪ್ರೀತಿಯಿಂದ ಕೊಟ್ಟವರು ತಮ್ಮ ಹೆಸರನ್ನು ಸಂತೆಯ ಗೋಣಿತಟ್ಟಿನ ಮೇಲೆ ನೋಡಿದರೆ ಆ ನಂಟು ಅಲ್ಲಿಗೆ ಮುಗಿಯಿತು. ಅದಕ್ಕೇ ಮರುಳಪ್ಪನವರಿಗೆ ಕರೆ ಬರುತ್ತದೆ. ಹೊಡೆದ ಹೆಸರನ್ನು ಅವರೇ ಬಂದು ಅಳಿಸಬೇಕು.

ಅಳಿಸುವುದು ಹೊಡೆಯುವುದಕ್ಕಿಂತ ಕಷ್ಟ. ಪಾತ್ರೆಯ ಒಳಮೈಗೆ ಅಡಿಗಲ್ಲು ಆನಿಸಿ ಮೇಲಿಂದ ಹಗುರಾಗಿ ತಟ್ಟಿ ಚುಕ್ಕಿಯ ಅಂಚುಗಳನ್ನು ಕೂರಿಸಬೇಕು. ಆಮೇಲೆ ಅರ, ಅದೂ ಒಂದೇ ದಿಕ್ಕಿಗೆ. ಹಿಂದೆ ಮುಂದೆ ಎಳೆದಾಡಿದರೆ ತಗಡು ಸವೆದು ಆಚೆಯ ಬಿಸಿಲು ಕಾಣುತ್ತದೆ. ಕೊನೆಗೆ ಇಟ್ಟಂಗಿ ಪುಡಿ, ಹುಣಸೆಹುಳಿ. ದಿನಕ್ಕೆ ಹದಿನೈದು ಪಾತ್ರೆ ದಾಟುವುದಿಲ್ಲ, ಒಂದಕ್ಕೆ ನಾಲ್ಕಾಣೆ. ಸಂಜೆಗೆ ಬೆರಳ ತುದಿ ಮರಗಟ್ಟಿ ರೊಟ್ಟಿ ಮುರಿಯಲಿಕ್ಕೂ ಬರುವುದಿಲ್ಲ.

"ಹೊಡಿಯೋ ಮುಂದ ಇಪ್ಪತ್ತು ವರ್ಷದಾವ ಇದ್ದೆ, ಕಣ್ಣು ಚುರುಕಿದ್ವು," ಅನ್ನುತ್ತಾರೆ. "ಅಳಸೋ ಮುಂದ ಮುದುಕ ಆಗೀನಿ. ನನ್ನ ಕೈ ಅಕ್ಷರ ನನಗ ಗುರುತು ಹತ್ತತೈತಿ. ಈ ಕೊಂಬು ಇಷ್ಟು ಚಂದ ಯಾವಾಗ ಹೊಡದಿದ್ನಪಾ ಅನಸತೈತಿ. ಅನ್ನಕೋತನ ಉಜ್ಜತೀನಿ."

ನಾಗಲಿಂಗಮ್ಮನವರಿಗೆ ಒಬ್ಬ ಅಕ್ಕ ಇದ್ದರು, ಕೊಟ್ರಮ್ಮ. ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ತಂಗಿಯ ಮದುವೆಗೆ ಅಂತ ಆಕೆ ಒಂದು ಮಳೆಗಾಲವೆಲ್ಲ ಮಜ್ಜಿಗೆ ಮಾರಿ, ಅತ್ತೆಯ ಕಣ್ಣು ತಪ್ಪಿಸಿ ದುಡ್ಡು ಕೂಡಿಟ್ಟು, ಕೊಟ್ಟೂರಿನಲ್ಲಿ ಒಂದು ತಾಮ್ರದ ತಂಬಿಗೆ ಕೊಂಡರು. ಅದರ ಕಂಠದ ಕೆಳಗೆ ಕೊಟ್ರಮ್ಮ ಅಂತ ಹೆಸರು ಹೊಡೆದವರು ಆಗಿನ್ನೂ ಹೊಸದಾಗಿ ಚಾಣ ಹಿಡಿದಿದ್ದ ಇದೇ ಮರುಳಪ್ಪ. ಕೊಟ್ರಮ್ಮನಿಗೆ ಓದು ಬರುತ್ತಿರಲಿಲ್ಲ. ಹೊಡೆದು ಮುಗಿದ ಮೇಲೆ ಆ ಮೂರು ಅಕ್ಷರದ ಮೇಲೆ ಬೆರಳಾಡಿಸಿ, "ನಾನು ಹಿಂಗ ಅದೀನೇನು?" ಅಂತ ನಕ್ಕಿದ್ದರಂತೆ.

ನಾಲ್ಕು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ನಾಗಲಿಂಗಮ್ಮ ಅಟ್ಟ ಖಾಲಿ ಮಾಡಿದ ದಿನ ನಲವತ್ತೊಂದು ಪಾತ್ರೆ ಇಳಿದವು. ಮೂವತ್ತೆಂಟನ್ನು ಉಜ್ಜಬೇಕು ಅಂದು, ಮೂರನ್ನು ಒರಳುಕಲ್ಲಿನ ಮೇಲಿಟ್ಟು, ಅವನ್ನು ಮುಟ್ಟಬೇಡ ಅಂತ ಹೇಳಿದರು. ಆ ಮೂರರಲ್ಲಿ ಅಕ್ಕನ ತಂಬಿಗೆಯೂ ಒಂದು. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆ ಎದ್ದಿತ್ತು, ಬಾಯಿ ಒಣಗಿತ್ತು. ನಾಗಲಿಂಗಮ್ಮ ಬೇರೆ ಲೋಟ ಹುಡುಕದೆ ಅದೇ ತಂಬಿಗೆ ತುಂಬಿ, ಮೇಲೊಂದು ಹಳಕು ಬೆಲ್ಲ ಇಟ್ಟು ತಂದುಕೊಟ್ಟರು. ಮರುಳಪ್ಪ ಬೆಲ್ಲ ಕಡಿದು ನೀರು ಕುಡಿದರು. ಖಾಲಿ ತಂಬಿಗೆಯನ್ನು ಕೈಗೆ ಸಿಕ್ಕ ಕಡೆ ಇಟ್ಟರು. ಅದು ಉಜ್ಜಿ ಮುಗಿದ ಪಾತ್ರೆಗಳ ಸಾಲು.

ಅಷ್ಟರಲ್ಲಿ ಹಳೆ ಪಾತ್ರೆ ವ್ಯಾಪಾರದ ಗಾದೆಪ್ಪ ಬಂಡಿ ಹೊಡೆದುಕೊಂಡು ಬಂದ. ಹೊತ್ತಾದೀತು, ಎತ್ತು ಬಳಲ್ಯಾವು ಅಂತ ಅವಸರ ಮಾಡಿದ. ಒಳಗೆ ಮೊಮ್ಮಗು ಅತ್ತಿತು, ನಾಗಲಿಂಗಮ್ಮ ಎದ್ದು ಹೋದರು. ಪಾತ್ರೆಗಳನ್ನು ಗಾದೆಪ್ಪನ ಚೀಲಕ್ಕೆ ತುಂಬಿದವರು ಮರುಳಪ್ಪ. ಒಂದು, ಎರಡು ಅಂತ ಎಣಿಸಿದ್ದರೆ ತಿಳಿಯುತ್ತಿತ್ತು. ಎಣಿಸಲಿಲ್ಲ.

ಹದಿನೈದು ದಿನಕ್ಕೆ ಕೊಟ್ರಮ್ಮ ಹಗರಿಬೊಮ್ಮನಹಳ್ಳಿಯ ಸಂತೆಗೆ ಒಣಮೆಣಸಿನಕಾಯಿ ತರಲು ಹೋದಾಗ ಗೋಣಿತಟ್ಟಿನ ಮೇಲೆ ತನ್ನ ಹೆಸರು ಕಂಡಿತು. ಓದು ಬಾರದಿದ್ದರೂ ತನ್ನ ಹೆಸರಿನ ಆಕಾರ ಆಕೆಗೆ ಗೊತ್ತಿತ್ತು. ಕೇಳಿದಷ್ಟು ಕೊಟ್ಟು ಕೊಂಡರು. ಮರುದಿನ ಬಸ್ಸು ಹಿಡಿದು ಹರಪನಹಳ್ಳಿಗೆ ಬಂದು, ತಂಗಿಯ ಮನೆಯ ಕಟ್ಟೆಯ ಕೆಳಗೇ ನಿಂತು ಅಂದರು: "ನಾಗೀ, ನಾನು ಸಂತ್ಯಾಗ ಬಿದ್ದಿದ್ದೆ. ನನ್ನನ್ನ ನಾನ ಎತ್ತಿಕೊಂಡೀನಿ. ನಿನಗ ಹೇಳಿ ಹೋಗಾಕ ಬಂದೆ."

ಒಳಗೂ ಬರಲಿಲ್ಲ, ಕೂಡಲೂ ಇಲ್ಲ. ಗಡಿಬಿಡಿಯಲ್ಲಿ ತಾನೇ ಅದನ್ನು ಒರಳಿನ ಮೇಲಿಂದ ತೆಗೆದು ಕೊಟ್ಟಿರಬೇಕು ಅಂತ ನಾಗಲಿಂಗಮ್ಮ ತಿಳಿದರು. ಆಮೇಲೆ ಎರಡು ಸಲ ಹೇಳಿ ಕಳಿಸಿದರು, ಉತ್ತರ ಬರಲಿಲ್ಲ.

ಸುದ್ದಿ ಕೊಟ್ಟೂರಿಗೆ ಬಂದಾಗ ಮರುಳಪ್ಪನಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಬಾಯಲ್ಲಿನ ಬೆಲ್ಲ, ಕೈಯಲ್ಲಿನ ತಂಬಿಗೆ, ಇಟ್ಟ ಜಾಗ. ಆದರೂ ಸುಮ್ಮನಿದ್ದರು. "ಮರುಳಪ್ಪನ ಮುಂದ ಬಂಗಾರ ಇಟ್ಟು ಬಾವಿಗೆ ಹೋಗಬಹುದು ಅಂತಿದ್ರು ಮಂದಿ. ಅದು ಒಂದ ನನ್ನ ಗಳಿಕಿ. ಅದು ಹೋದ್ರ ಯಾರು ಕರೀತಾರ ಅಂತ ಅಂಜಿದೆ," ಅನ್ನುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ಎರಡು ತಿಂಗಳ ಮೇಲೆ ನಡೆಯಿತು. ಕೊಟ್ರಮ್ಮ ಅವರನ್ನು ಹಗರಿಬೊಮ್ಮನಹಳ್ಳಿಗೆ ಕರೆಸಿದರು. ತಂಬಿಗೆ ಮುಂದಿಟ್ಟು, "ನೀನ ಹೊಡದಿದ್ದಿ, ನೀನ ತಗದು ಹೋಗು. ಹೆಸರು ಬ್ಯಾಡ ನನಗ," ಅಂದರು.

ಮರುಳಪ್ಪ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಎದುರಿಗೆ ಕೊಟ್ರಮ್ಮ ಕೂತಿದ್ದಾರೆ. ಹೇಳಬೇಕಾದ ಮಾತು ಹೇಳದೆ, ಅಡಿಗಲ್ಲು ಆನಿಸಿ, ತಟ್ಟಿ, ಮೂರು ಅಕ್ಷರ ಉಜ್ಜಿದರು. ಕೂಲಿ ಬೇಡ ಅಂದರು. "ಯಾಕ?" ಅಂತ ಆಕೆ ಕೇಳಿದಾಗಲೂ ಹೇಳಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರಿಗೆ ಹೊಳೆಯಿತು. ಅಕ್ಕನ ತಂಬಿಗೆಯನ್ನು ಮಾರುವ ಮನಸ್ಸು ನಾಗಲಿಂಗಮ್ಮನಿಗೆ ಇದ್ದಿದ್ದರೆ ಅದರ ಹೆಸರನ್ನು ಮೊದಲು ಉಜ್ಜಿಸುತ್ತಿದ್ದರು. ಮೂವತ್ತೆಂಟಕ್ಕೆ ಉಜ್ಜಿಸಿದವರು ಇದೊಂದನ್ನು ಬಿಡುತ್ತಿದ್ದರೇ? ಹೆಸರು ಹಾಗೇ ಇದ್ದದ್ದೇ ಆಕೆಯದು ತಪ್ಪಿಲ್ಲ ಅನ್ನುವುದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಈಗ ತಾವೇ ಉಜ್ಜಿ ಹಾಕಿ ಬಂದಿದ್ದಾರೆ.

ನಾಳೆ ಹೋಗಿ ಹೇಳಿದರಾಯಿತು, ಸುಗ್ಗಿ ಮುಗಿಯಲಿ, ಮದುವೆಯ ತಿಂಗಳು ಕಳೆಯಲಿ ಅಂತ ದಿನ ನೂಕಿದರು. ಕಳೆದ ವರ್ಷ ಶ್ರಾವಣದಲ್ಲಿ ಕೊಟ್ರಮ್ಮ ತೀರಿಕೊಂಡರು.

ಇವತ್ತು ಹರಪನಹಳ್ಳಿಯ ಕಟ್ಟೆಯ ಮೇಲೆ ಹನ್ನೊಂದು ಪಾತ್ರೆ ಮುಗಿಯುವಷ್ಟರಲ್ಲಿ ಬಿಸಿಲು ಏರಿದೆ. ಸೊಸೆ ಸಾಲಿಗೆ ಹೋಗಿಯಾಗಿದೆ. ಮರುಳಪ್ಪ ಓದುವುದನ್ನು ನಿಲ್ಲಿಸುತ್ತಾರೆ.

"ಯಾಕಪಾ, ಕಣ್ಣು ಕಾಣವಲ್ದೇನು?"

"ಕಾಣತೈತಿ. ಯವ್ವಾ, ನಿಮ್ಮ ಅಕ್ಕನ ತಂಬಿಗಿ... ಅದನ್ನ ಚೀಲಕ್ಕ ಹಾಕಿದಾವ ನಾನು."

ನಾಗಲಿಂಗಮ್ಮ ಅರ್ಥವಾಗದವರ ಹಾಗೆ ನೋಡುತ್ತಾರೆ. ಮರುಳಪ್ಪ ತಲೆ ಎತ್ತದೆ ಎಲ್ಲ ಹೇಳುತ್ತಾರೆ: ನೀರು ಕುಡಿದದ್ದು, ಇಟ್ಟದ್ದು, ಎಣಿಸದೆ ತುಂಬಿದ್ದು, ಹಗರಿಬೊಮ್ಮನಹಳ್ಳಿಯಲ್ಲಿ ಕೂತು ಉಜ್ಜಿದ್ದು. ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತಾರೆ.

"ಅಕ್ಕನ ಮಣ್ಣಿಗೆ ಹೋದಾಗ ನೋಡಿದೆ ಅದನ್ನ," ಅನ್ನುತ್ತಾರೆ ನಾಗಲಿಂಗಮ್ಮ. "ಹೆಸರಿದ್ದ ಜಾಗ ನುಣ್ಣಗಿತ್ತು. ಹೆಣಾ ನೋಡಿ ಅಳಲಾರದಾಕಿ ಅದನ್ನ ನೋಡಿ ಅತ್ತೀನಿ, ಮರುಳಪ್ಪಣ್ಣ. ನಾಕು ವರ್ಷ ಈ ಕೈಯನ್ನ ಬೈಕಂಡೀನಿ. ರೊಟ್ಟಿ ಬಡಿಯೋ ಮುಂದ ಬೈಕಂಡೀನಿ, ನೀರು ಸೇದೋ ಮುಂದ ಬೈಕಂಡೀನಿ."

"ತಪ್ಪಾತು ಯವ್ವಾ."

"ಆಕಿ ಇದ್ದಾಗ ಬಂದಿದ್ರ?"

ನಾಗಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಎದುರಿಗಿದ್ದ ಆರು ಪಾತ್ರೆಗಳನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

"ಇವು ಇರಲಿ. ಇನ್ನೊಂದು ದಿನ ನೋಡೂಣು. ನೀನು ಈಗ ಏಳು, ಹಗರಿಬೊಮ್ಮನಳ್ಳಿ ಬಸ್ಸು ಹಿಡಿ. ಅಕ್ಕನ ಮಗನ ಮುಂದ, ಸೊಸಿ ಮುಂದ ಈ ಮಾತು ಹೇಳು. ಆ ಮನ್ಯಾಗ ನಾನು ಅಕ್ಕನ್ನ ಮಾರಿದಾಕಿ ಆಗಿ ಕುಂತೀನಿ. ನಾನು ಹೇಳಿದ್ರ ನಂಬಂಗಿಲ್ಲ ಅವರು."

ಅವರು ಹೋಗುತ್ತಾರೆ. ಕೊಟ್ರಮ್ಮನ ಮಗ ಪಾಲಾಕ್ಷಪ್ಪನಿಗೆ ರೈಲ್ವೆ ಸ್ಟೇಷನ್ ಹತ್ತಿರ ಶೇಂಗಾ ಕಾಳಿನ ವ್ಯಾಪಾರ. ಗಿರಾಕಿಗಳು ನಿಂತಿರುವಾಗಲೇ ಮರುಳಪ್ಪ ಹೇಳಲು ಶುರುಮಾಡುತ್ತಾರೆ. "ಒಳಗ ಬರ್ರಿ, ಕುಂತು ಮಾತಾಡೂಣು," ಅಂತ ಪಾಲಾಕ್ಷಪ್ಪ ಕರೆದರೂ ಒಪ್ಪುವುದಿಲ್ಲ. "ಒಳಗ ಹೇಳಿದ್ರ ಒಳಗ ಉಳಿತೈತಿ. ನಾಕು ಮಂದಿ ಕೇಳಲಿ ಬಿಡಪಾ."

ಕೇಳಿದ ಮೇಲೆ ಪಾಲಾಕ್ಷಪ್ಪ ಕೈಯಲ್ಲಿದ್ದ ಶೇಂಗಾ ಕೆಳಗಿಡುತ್ತಾನೆ. "ಈಗ ಹೇಳಿ ಏನು ಬಂತು ಯಜಮಾನ್ರ? ನಮ್ಮವ್ವ ಸಾಯೋ ಮುಂದ 'ನಾಗಿಗೆ ತಿಳಸಬ್ಯಾಡ್ರಿ' ಅಂದ್ಲು. ಜೀವ ಹೋದಮ್ಯಾಲೆ ತಿಳಿಸಿದ್ವಿ."

"ಏನೂ ಬರಂಗಿಲ್ಲಪಾ. ನಿಮ್ಮ ಚಿಗವ್ವ ಮಾರಿಲ್ಲ. ಅದೊಂದು ನಿಮಗ ಗೊತ್ತಿರಲಿ."

ಪಾಲಾಕ್ಷಪ್ಪ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು ಅನ್ನುತ್ತಾರೆ ಮರುಳಪ್ಪ. ಆ ಭಾನುವಾರ ಅವನು ಹೆಂಡತಿಯ ಜೊತೆ ಹರಪನಹಳ್ಳಿಗೆ ಹೋಗಿ ಚಿಗವ್ವನ ಮನೆಯಲ್ಲಿ ಉಂಡು ಬಂದ ಸುದ್ದಿ ತಲುಪಿದೆ. ಅಲ್ಲಿ ಏನು ಮಾತಾಯಿತೋ ಇವರು ಕೇಳಲು ಹೋಗಿಲ್ಲ. ಕೊಟ್ರಮ್ಮನಿಗೆ ತಲುಪಬೇಕಾದ ಮಾತು ತಲುಪಲಿಲ್ಲ, ಅದು ಹಾಗೇ ಉಳಿಯಿತು.

ನಾಲ್ಕು ಮಂದಿಯ ಮುಂದೆ ಆಡಿದ ಮಾತು ನಾಲ್ಕು ಊರಿಗೆ ಹೋಗಿದೆ. ಹಡಗಲಿಯಲ್ಲಿ ಬರಹೇಳಿದ್ದ ಮನೆಯವರು ಈಗ ಬೇಡ ಅಂದಿದ್ದಾರೆ. ಕೊಟ್ಟೂರಿನಲ್ಲೇ ಇಬ್ಬರು, ನೀನು ಉಜ್ಜುವಾಗ ನಮ್ಮ ಮಗ ಪಕ್ಕದಲ್ಲಿ ಕೂತಿರುತ್ತಾನೆ ಅಂದರು. "ಕೂರಲಿ, ಒಳ್ಳೇದ ಆತು," ಅಂದು ಮರುಳಪ್ಪ ಕೆಲಸ ಮಾಡಿ ಬಂದಿದ್ದಾರೆ. ಅಂಜಿನಕ್ಕ ಮಾತ್ರ, "ನಲವತ್ತಾರು ವರ್ಷಕ್ಕ ಒಂದು ದಿನ ಗಂಡಸಾದಿ," ಅಂತ ಛೇಡಿಸಿ, ಅವತ್ತು ತಾಟಿಗೆ ಎರಡು ರೊಟ್ಟಿ ಹೆಚ್ಚು ಹಾಕಿದರಂತೆ.

ಈಗ ಹೊಸ ಮನೆಗೆ ಹೋದರೆ ಮರುಳಪ್ಪ ಮೊದಲು ಚೀಲ ಇಳಿಸುವುದಿಲ್ಲ. ಬಾಗಿಲಲ್ಲೇ ನಿಂತು, ನನ್ನ ಕೈಯಿಂದ ಒಂದು ತಂಬಿಗೆ ತಪ್ಪಿ ಸಂತೆಗೆ ಹೋಗಿದೆ, ಗೊತ್ತಿದ್ದು ಕರೆಯಿರಿ ಅನ್ನುತ್ತಾರೆ. ಮೊನ್ನೆ ತೆಲಿಗಿಯಲ್ಲಿ ಸುಂಕಮ್ಮ ಎಂಬುವವರ ಮನೆಯ ಮುಂದೆಯೂ ಹಾಗೇ ಅಂದರು. ಮಾಳಿಗೆ ತೆಗೆಸಿ ಹೊಸ ಮನೆ ಕಟ್ಟಿಸುತ್ತಿರುವ ಹೆಣ್ಣುಮಗಳು, ಅರ್ಧ ಬಾಗಿಲು ತೆರೆದು ನಿಂತು ಜೋರಾಗಿ ನಕ್ಕರು.

"ಇಷ್ಟು ವರ್ಷದಾಗ ಒಂದ ತಂಬಿಗೇನು? ನಮ್ಮ ಮನ್ಯಾಗ ಒಂದು ಮದಿವಿ ಮಾಡಿದ್ರ ಏಳೆಂಟು ಪಾತ್ರಿ ಕಾಣಿಯಾಕ್ಕಾವು ತಗೀಪಾ!"

"ನಾನು ನಗಲಿಲ್ಲರಿ," ಅನ್ನುತ್ತಾರೆ ಮರುಳಪ್ಪ. "ಕಾಣಿಯಾಗಿದ್ದು ತಂಬಿಗಿ ಅಲ್ಲಬೇ ಯವ್ವಾ, ಅಕ್ಕ ತಂಗಿ ಅಂದೆ. ಆಕಿ ನಗೋದು ಬಿಟ್ಟು ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಇನ್ನರ್ಧ ಬಾಗಲಾನೂ ತಗದ್ಲು."